ಮೈಸೂರಿಗೆ ಬಂದ ಗೌಹರ್ ಜಾನ್: ಹುನರ್, ಹೆಸರು ಮತ್ತು ಹೊಣೆ

(ಸಂಘದ ವಾರ್ಷಿಕೋತ್ಸವ ಹಾಗೂ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



 

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣದಿಂದ ಬಂದಿರುವ ಮಕ್ಕಳು ಇಂದು ಇಲ್ಲಿ ಬಹುಮಾನ ಪಡೆಯುತ್ತಿದ್ದಾರೆ. ಮುಂದೆ ಇವರಲ್ಲಿ ಬಹಳಷ್ಟು ಮಂದಿ ಓದಿಗಾಗಿ, ಕೆಲಸಕ್ಕಾಗಿ ಮೈಸೂರು, ಬೆಂಗಳೂರು, ಮಂಗಳೂರು ಎಂದು ಊರು ಬಿಟ್ಟು ಹೋಗುವವರೇ. ಕೆಲವರು ಕೊಲ್ಲಿ ದೇಶಗಳಿಗೂ ಹೋಗಬಹುದು. ಹಾಗೆ ಹೋಗುವವರು ತಮ್ಮೊಂದಿಗೆ ಏನನ್ನು ಒಯ್ಯಬೇಕು, ಹೋದಲ್ಲಿ ಗೌರವ ಹೇಗೆ ಸಿಗುತ್ತದೆ, ಸಿಕ್ಕ ಗೌರವವನ್ನು ಹೇಗೆ ಉಳಿಸಿಕೊಳ್ಳಬೇಕು ಎಂಬುದನ್ನು ಒಬ್ಬರ ಜೀವನದ ಮೂಲಕ ಹೇಳಬೇಕೆಂದು ನನ್ನ ಆಸೆ. ಅವರು ಗಾಯಕಿ ಗೌಹರ್ ಜಾನ್. ಉತ್ತರ ಪ್ರದೇಶದಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಬೆಳೆದು, ಕಂಠದ ಬಲದಿಂದ ದೇಶ ವಿದೇಶಗಳಲ್ಲಿ ಹೆಸರಾಗಿ, ಕೊನೆಗೆ ನಮ್ಮ ಮೈಸೂರಿಗೆ ಬಂದು ಇಲ್ಲಿಯೇ ಕಣ್ಣು ಮುಚ್ಚಿದವರು.

ಈ ವಿಷಯವನ್ನು ಆರಿಸಿಕೊಂಡೆನೆಂದು ತಿಳಿದಾಗ ಹಿರಿಯರೊಬ್ಬರು ನನ್ನನ್ನು ಕೇಳಿದರು: "ವಿದ್ಯಾಸಂಘದ ವೇದಿಕೆಯಲ್ಲಿ ತವಾಯಿಫ್ ಒಬ್ಬರ ಕತೆ ಏಕೆ?" ಅವರ ಪ್ರಶ್ನೆಯಲ್ಲಿ ತಪ್ಪಿಲ್ಲ. ಸಂಗೀತದ ಬಗ್ಗೆ ನಮ್ಮಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ. ಅದನ್ನು ತೀರ್ಮಾನಿಸುವ ಅರ್ಹತೆ ನನಗಿಲ್ಲ, ಅದಕ್ಕೆ ಆಲಿಮರಿದ್ದಾರೆ. ನಾನು ಉರ್ದು ಮತ್ತು ಕನ್ನಡ ಕಲಿಸುವ ಶಾಲಾ ಶಿಕ್ಷಕ ವರ್ಗಕ್ಕೆ ಸೇರಿದವಳು. ತಾಲೀಮು, ಭಾಷೆ, ದುಡಿಮೆ ಈ ಮೂರರ ದೃಷ್ಟಿಯಿಂದ ಮಾತ್ರ ಈ ಜೀವನವನ್ನು ನೋಡುತ್ತೇನೆ. ಒಬ್ಬ ಹೆಣ್ಣುಮಗಳು ಕಲಿತದ್ದೇನು, ಗಳಿಸಿದ್ದೇನು, ಕಳೆದುಕೊಂಡದ್ದೇನು ಎಂಬ ಲೆಕ್ಕ ನಮ್ಮ ಮಕ್ಕಳಿಗೆ ಉಪಯೋಗವಾಗುತ್ತದೆ ಎಂಬ ನಂಬಿಕೆ ನನ್ನದು.

ಹುಟ್ಟು ಮತ್ತು ವಲಸೆ

ಗೌಹರ್ ಜಾನ್ ಹುಟ್ಟಿದ್ದು 1873ರ ಜೂನ್ 26ರಂದು, ಆಜಂಗಢದಲ್ಲಿ. ಆಗ ಅವರಿಗಿಟ್ಟ ಹೆಸರು ಏಂಜೆಲಿನಾ ಯೋವರ್ಡ್. ತಂದೆ ರಾಬರ್ಟ್ ವಿಲಿಯಂ ಯೋವರ್ಡ್ ಅರ್ಮೇನಿಯನ್ ಮೂಲದವರು, ವೃತ್ತಿಯಿಂದ ಇಂಜಿನಿಯರ್. ತಾಯಿ ವಿಕ್ಟೋರಿಯಾ ಹೆಮ್ಮಿಂಗ್ಸ್ ಭಾರತದಲ್ಲೇ ಹುಟ್ಟಿ ಬೆಳೆದವರು. ತಾಯಿಯ ತಾಯಿ ರುಕ್ಮಿಣಿ. ಒಂದೇ ಮನೆಯಲ್ಲಿ ಎಷ್ಟು ನಾಡು, ಎಷ್ಟು ಮತಗಳ ಎಳೆಗಳು ಸೇರಿದ್ದವು ನೋಡಿ!

ಮಗು ಚಿಕ್ಕದಿರುವಾಗಲೇ, 1879ರಲ್ಲಿ, ತಂದೆ ತಾಯಿಯ ಮದುವೆ ಮುರಿಯಿತು. ಗಂಡನ ಆಸರೆ ಇಲ್ಲದ ತಾಯಿ ಮಗಳನ್ನು ಕರೆದುಕೊಂಡು 1881ರಲ್ಲಿ ಬನಾರಸ್ಸಿಗೆ ಬಂದರು. ಖುರ್ಷೀದ್ ಎಂಬವರು ಅವರಿಗೆ ಆಶ್ರಯ ನೀಡಿದರು. ತಾಯಿ ಮಗಳಿಬ್ಬರೂ ಇಸ್ಲಾಂ ಸ್ವೀಕರಿಸಿದರು. ವಿಕ್ಟೋರಿಯಾ ಮಲ್ಕಾ ಜಾನ್ ಆದರು, ಏಂಜೆಲಿನಾ ಗೌಹರ್ ಜಾನ್ ಆದರು. ಗೌಹರ್ ಎಂದರೆ ಮುತ್ತು, ರತ್ನ ಎಂದು ಉರ್ದು ಓದುವ ಮಕ್ಕಳಿಗೆ ಗೊತ್ತು.

ತಾಯಿ ಮಲ್ಕಾ ಜಾನ್ ಸಾಮಾನ್ಯ ಮಹಿಳೆಯಲ್ಲ. ಹಾಡುವುದರ ಜೊತೆಗೆ ಉರ್ದುವಿನಲ್ಲಿ ಶಾಯರಿ ಬರೆಯುತ್ತಿದ್ದರು. ಅವರ ಕವನ ಸಂಕಲನ 1886ರಲ್ಲಿ ಪುಸ್ತಕವಾಗಿ ಹೊರಬಂತು. ಹೆಣ್ಣುಮಕ್ಕಳು ಓದು ಬರಹ ಕಲಿಯುವುದೇ ಅಪರೂಪವಾಗಿದ್ದ ಕಾಲವದು ಎಂಬುದನ್ನು ನೆನಪಿಡಬೇಕು. 1883ರಲ್ಲಿ ತಾಯಿ ಮಗಳು ಕಲ್ಕತ್ತೆಗೆ ಬಂದರು. ಅಲ್ಲಿ ಅವಧದ ಪದಚ್ಯುತ ನವಾಬ ವಾಜಿದ್ ಅಲಿ ಶಾ ಮಟಿಯಾಬುರ್ಜ್‌ನಲ್ಲಿ ನೆಲೆಸಿ, ಲಖನೌದ ಕವಿಗಳು, ಗಾಯಕರು, ನರ್ತಕರನ್ನು ಪೋಷಿಸುತ್ತಿದ್ದರು. ರಾಜ್ಯ ಕಳೆದುಕೊಂಡ ಆ ನವಾಬನೂ ಕಲ್ಕತ್ತೆಗೆ ವಲಸೆ ಬಂದವನೇ.

ತಾಲೀಮು

ದೊಡ್ಡ ಹೆಸರಿನ ಹಿಂದೆ ದೊಡ್ಡ ತಾಲೀಮು ಇರುತ್ತದೆ. ಗೌಹರ್ ಅವರು ಪಟಿಯಾಲಾದ ಕಾಲೇ ಖಾನ್ ಮತ್ತು ಅಲಿ ಬಕ್ಷ್, ರಾಮಪುರದ ವಜೀರ್ ಖಾನ್ ಮುಂತಾದ ಉಸ್ತಾದರಲ್ಲಿ ಗಾಯನ ಕಲಿತರು. ಲಖನೌದ ಬಿಂದಾದೀನ್ ಮಹಾರಾಜರಲ್ಲಿ ಕಥಕ್ ಕಲಿತರು. ಶ್ರೀಜಾನ್ ಬಾಯಿ ಅವರಲ್ಲಿ ಧ್ರುಪದ್, ಧಮಾರ್ ಅಭ್ಯಾಸ ಮಾಡಿದರು. ಬಂಗಾಳಿ ಕೀರ್ತನೆಗಳನ್ನು ಚರಣ್ ದಾಸ್ ಅವರಿಂದ ಕಲಿತರು. ಉಸ್ತಾದ್ ಯಾವ ಜಾತಿ, ಯಾವ ಮತ ಎಂದು ನೋಡದೆ, ಎಲ್ಲಿ ವಿದ್ಯೆ ಇದೆಯೋ ಅಲ್ಲಿ ಕೈ ಜೋಡಿಸಿ ಕುಳಿತು ಕಲಿತರು.

1887ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ದರ್ಭಾಂಗಾದ ಮಹಾರಾಜರ ಆಸ್ಥಾನದಲ್ಲಿ ಮೊದಲ ಬಾರಿಗೆ ಹಾಡಿದರು. ಮುಂದೆ ಕಲ್ಕತ್ತೆಯಲ್ಲಿ ಹೆಸರಾದರು. ಖಯಾಲ್, ಠುಮ್ರಿ, ದಾದ್ರಾ, ಕಜ್ರಿ, ಹೋರಿ, ಗಜಲ್ ಎಲ್ಲವನ್ನೂ ಹಾಡುತ್ತಿದ್ದರು. ಅವರು ಕೇವಲ ಗಾಯಕಿಯಲ್ಲ, ತಾವೇ ರಚಿಸಿ ರಾಗ ಕೂಡಿಸುವ ವಾಗ್ಗೇಯಕಾರರೂ ಹೌದು. ಗಜಲ್‌ಗಳಿಗೆ 'ಹಮ್‌ದಮ್' ಎಂಬ ತಖಲ್ಲುಸ್, ಭಜನೆಗಳಿಗೆ 'ಗೌಹರ್ ಪ್ಯಾರಿ' ಎಂಬ ಅಂಕಿತ ಇಟ್ಟುಕೊಂಡಿದ್ದರು. ದಾಸರ ಪದಗಳಲ್ಲಿ, ವಚನಗಳಲ್ಲಿ ಅಂಕಿತ ಇರುವಂತೆ ಉರ್ದು ಗಜಲಿನ ಕೊನೆಯ ಶೇರ್‌ನಲ್ಲಿ ತಖಲ್ಲುಸ್ ಇರುತ್ತದೆ. ಕನ್ನಡ ತರಗತಿಯಲ್ಲಿ ಅಂಕಿತ ಕಲಿಸಿ, ಉರ್ದು ತರಗತಿಯಲ್ಲಿ ತಖಲ್ಲುಸ್ ಕಲಿಸುವಾಗ ಎರಡೂ ಒಂದೇ ಮನೆಯ ಎರಡು ಬಾಗಿಲು ಎಂದು ನನಗೆ ಅನ್ನಿಸುತ್ತದೆ.

ಮೂರು ನಿಮಿಷದ ಪರೀಕ್ಷೆ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. 1902ರಲ್ಲಿ ಲಂಡನ್ನಿನ ಗ್ರಾಮಫೋನ್ ಕಂಪನಿಯು ಫ್ರೆಡ್ ಗೈಸ್‌ಬರ್ಗ್ ಎಂಬ ತಂತ್ರಜ್ಞರನ್ನು ಭಾರತಕ್ಕೆ ಕಳುಹಿಸಿತು. ಇಲ್ಲಿನ ಹಾಡುಗಳನ್ನು ಮುದ್ರಿಸಿಕೊಂಡು ಮಾರಾಟ ಮಾಡುವುದು ಅವರ ಉದ್ದೇಶ. ಆದರೆ ಆಗಿನ ಎಷ್ಟೋ ಉಸ್ತಾದರು ಒಪ್ಪಲಿಲ್ಲ. ಯಂತ್ರಕ್ಕೆ ಹಾಡಿದರೆ ಕಂಠ ಹೋಗುತ್ತದೆ ಎಂಬ ಭಯ ಕೆಲವರಿಗೆ. ಮನೆತನದ ವಿದ್ಯೆ ಬೀದಿಗೆ ಬೀಳುತ್ತದೆ, ಯಾರು ಬೇಕಾದರೂ ಕದಿಯುತ್ತಾರೆ ಎಂಬ ಚಿಂತೆ ಇನ್ನು ಕೆಲವರಿಗೆ. ಆಗ ಮುಂದೆ ಬಂದವರು ಹೆಣ್ಣುಮಕ್ಕಳು.

1902ರ ನವೆಂಬರ್ ತಿಂಗಳಲ್ಲಿ ಕಲ್ಕತ್ತೆಯ ಹೋಟೆಲೊಂದರ ಕೋಣೆಯಲ್ಲಿ ತಾತ್ಕಾಲಿಕವಾಗಿ ಮಾಡಿದ್ದ ಸ್ಟುಡಿಯೋದಲ್ಲಿ ಗೌಹರ್ ಜಾನ್ ಹಾಡಿದರು. ಭಾರತದಲ್ಲಿ ಧ್ವನಿಮುದ್ರಣವಾದ ಮೊದಲ ಗಾಯಕಿ ಎಂದು ಅವರನ್ನು ಸಾಮಾನ್ಯವಾಗಿ ಕರೆಯುತ್ತಾರೆ. ಸರಿಯಾಗಿ ಹೇಳಬೇಕೆಂದರೆ, ಅದಕ್ಕೆ ಕೆಲವೇ ದಿನ ಮೊದಲು ಕಲ್ಕತ್ತೆಯ ನಾಟಕರಂಗದ ಇಬ್ಬರು ಹುಡುಗಿಯರ ಹಾಡು ಮುದ್ರಣವಾಗಿತ್ತು. ಆದರೆ ಶಾಸ್ತ್ರೀಯ ಸಂಗೀತದ ದೊಡ್ಡ ಕಲಾವಿದರಲ್ಲಿ ಗೌಹರ್ ಅವರೇ ಮೊದಲಿಗರು.

ಆಗ ಮೈಕ್ ಇರಲಿಲ್ಲ. ವಿದ್ಯುತ್ ಮೂಲಕ ಮುದ್ರಿಸುವ ವಿಧಾನ ಬಂದದ್ದು 1925ರಲ್ಲಿ. ಗೋಡೆಯಿಂದ ಹೊರಕ್ಕೆ ಚಾಚಿದ ದೊಡ್ಡ ಕೊಳವೆಯೊಂದರೊಳಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕು. ದನಿಯ ಒತ್ತಡಕ್ಕೆ ಕೊಳವೆಯ ತುದಿಯಲ್ಲಿರುವ ತೆಳುವಾದ ಪೊರೆ ಅದುರುತ್ತದೆ. ಅದಕ್ಕೆ ಜೋಡಿಸಿದ ಸೂಜಿ, ತಿರುಗುವ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯುತ್ತದೆ. ಆ ಮೇಣದ ತಟ್ಟೆಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರ್‌ಗೆ ಹೋಗುತ್ತಿದ್ದವು. ಅಲ್ಲಿ ಲೋಹದ ಅಚ್ಚು ಮಾಡಿ, ಅರಗಿನಿಂದ ಪ್ಲೇಟುಗಳನ್ನು ಒತ್ತಿ ಮತ್ತೆ ಭಾರತಕ್ಕೆ ಕಳುಹಿಸುತ್ತಿದ್ದರು. ಆ ಅರಗು ನಮ್ಮದೇ ದೇಶದ ಕಾಡುಗಳ ಮರದ ಮೇಲೆ ಕೀಟಗಳು ಸುರಿಸುವ ಅಂಟು. ನಮ್ಮ ಅರಗು, ನಮ್ಮ ಹಾಡು ಎರಡೂ ಸಮುದ್ರ ದಾಟಿ ಹೋಗಿ ಒಂದಾಗಿ ಬರುತ್ತಿದ್ದವು. ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ಆದದ್ದು 1908ರಲ್ಲಿ.

ಒಂದು ಪ್ಲೇಟಿನ ಒಂದು ಬದಿಯಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ಹಾಡಿ ಅಭ್ಯಾಸವಾದವರಿಗೆ ಮೂರು ನಿಮಿಷದಲ್ಲಿ ರಾಗದ ರೂಪ, ಹಾಡಿನ ಸಾಹಿತ್ಯ, ತಾನು ಎಲ್ಲವನ್ನೂ ತೋರಿಸಿ ಮುಗಿಸುವುದೆಂದರೆ ಎಂಥ ಕಷ್ಟ! ಮೂರು ಗಂಟೆಯ ಪರೀಕ್ಷೆ ಬರೆಯುವ ಮಕ್ಕಳಿಗೆ ಈ ಕಷ್ಟ ಅರ್ಥವಾಗಬೇಕು. ಗೊತ್ತಿರುವುದೆಲ್ಲವನ್ನೂ ಬರೆಯುವವನು ಉತ್ತರ ಪತ್ರಿಕೆ ಮುಗಿಸಲಾರ. ಯಾವುದು ಮುಖ್ಯ, ಯಾವುದನ್ನು ಬಿಡಬೇಕು ಎಂದು ತಿಳಿದವನು ಮುಗಿಸುತ್ತಾನೆ. ಗೌಹರ್ ಅವರು ಆ ವಿದ್ಯೆಯನ್ನು ತಾವೇ ಕಂಡುಕೊಂಡರು. ಅವರು ಮಾಡಿ ತೋರಿಸಿದ ಮೇಲೆ ಉಳಿದ ಕಲಾವಿದರೂ ಅದೇ ದಾರಿ ಹಿಡಿದರು.

ಹಾಡು ಮುಗಿದ ಕೂಡಲೇ ಅವರು ಇಂಗ್ಲಿಷಿನಲ್ಲಿ "ನನ್ನ ಹೆಸರು ಗೌಹರ್ ಜಾನ್" ಎಂದು ಗಟ್ಟಿಯಾಗಿ ಹೇಳುತ್ತಿದ್ದರು. ಕೇಳಿದವರು ಜಂಬವೆಂದುಕೊಳ್ಳಬಹುದು. ಕಾರಣ ಬೇರೆಯೇ ಇದೆ. ಹ್ಯಾನೋವರ್‌ನ ಕೆಲಸಗಾರರಿಗೆ ನಮ್ಮ ಭಾಷೆಗಳು ಬಾರವು. ಯಾವ ಪ್ಲೇಟು ಯಾರದು ಎಂದು ಗುರುತಿಸಿ ಸರಿಯಾದ ಲೇಬಲ್ ಅಂಟಿಸಲು ಹೆಸರು ಹೇಳಬೇಕಾಗಿತ್ತು. ಆದರೂ ಆ ಮಾತಿಗೆ ಒಂದು ತೂಕವಿದೆ. ಹೆಣ್ಣುಮಕ್ಕಳ ಹೆಸರನ್ನು ಹೊರಗಿನವರ ಮುಂದೆ ಹೇಳಲೂ ಹಿಂಜರಿಯುತ್ತಿದ್ದ ಕಾಲದಲ್ಲಿ ಒಬ್ಬ ಹೆಣ್ಣು, ತಾನು ಮಾಡಿದ ಕೆಲಸದ ಕೊನೆಗೆ ತನ್ನ ಹೆಸರನ್ನು ತಾನೇ ಹೇಳಿದಳು.

ಹೆಸರು ಸಮುದ್ರ ದಾಟಿತು

1902ರಿಂದ 1920ರವರೆಗೆ ಅವರು ಸುಮಾರು 600 ಹಾಡುಗಳನ್ನು ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಮುದ್ರಿಸಿದರೆಂದು ಲೆಕ್ಕವಿದೆ. ಹಿಂದೂಸ್ತಾನಿ, ಬಂಗಾಳಿ, ಗುಜರಾತಿ, ಮರಾಠಿ, ತಮಿಳು, ಅರಬ್ಬಿ, ಫಾರಸಿ, ಪಷ್ತೋ, ಇಂಗ್ಲಿಷ್, ಫ್ರೆಂಚ್ ಇವೆಲ್ಲ ಆ ಪಟ್ಟಿಯಲ್ಲಿವೆ. ಒಂದು ಮುದ್ರಣಕ್ಕೆ ಮೂರು ಸಾವಿರ ರೂಪಾಯಿ ಸಂಭಾವನೆ ಕೇಳುತ್ತಿದ್ದರು ಎನ್ನುತ್ತಾರೆ. ಹಾಡಲು ಬಂದಾಗಲೆಲ್ಲ ಬೇರೆ ಬೇರೆ ಉಡುಪು, ಒಡವೆ ತೊಟ್ಟು ಬರುತ್ತಿದ್ದರೆಂದು ಗೈಸ್‌ಬರ್ಗ್ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಅವರ ಭಾವಚಿತ್ರವಿದ್ದ ಪೋಸ್ಟ್ ಕಾರ್ಡುಗಳು ಮಾರಾಟವಾಗುತ್ತಿದ್ದವು. ಆಸ್ಟ್ರಿಯಾ ದೇಶದಲ್ಲಿ ತಯಾರಾದ ಬೆಂಕಿಪೆಟ್ಟಿಗೆಗಳ ಮೇಲೆ ಅವರ ಚಿತ್ರವಿತ್ತು. 1910ರಲ್ಲಿ ಮದರಾಸಿನ ವಿಕ್ಟೋರಿಯಾ ಪಬ್ಲಿಕ್ ಹಾಲ್‌ನಲ್ಲಿ ಹಾಡಿದರು. 1911ರ ದೆಹಲಿ ದರ್ಬಾರಿನಲ್ಲಿ ಅಲಹಾಬಾದಿನ ಜಾನಕಿ ಬಾಯಿ ಅವರ ಜೊತೆ ಹಾಡಿದರು.

ಪ್ಲೇಟುಗಳು ಬಂದ ಮೇಲೆ ಸಂಗೀತ ನವಾಬರ ಮಹಲಿನಿಂದ ಸಾಮಾನ್ಯ ಜನರ ಮನೆಗೆ ಬಂತು. ಮೆಹಫಿಲಿಗೆ ಆಹ್ವಾನ ಇಲ್ಲದವರು, ಹೋಗಲು ಸಂಕೋಚಪಡುವವರು, ಪರದೆಯ ಹಿಂದಿನ ಹೆಣ್ಣುಮಕ್ಕಳು ಎಲ್ಲರೂ ಕೇಳುವಂತಾಯಿತು. ಇದು ಸಣ್ಣ ಬದಲಾವಣೆಯಲ್ಲ.

ಸಮಾಜ ಮಾತ್ರ ಅವರನ್ನು ಒಂದು ಕಣ್ಣಿನಿಂದ ಮೆಚ್ಚಿ, ಇನ್ನೊಂದು ಕಣ್ಣಿನಿಂದ ಕೀಳಾಗಿ ನೋಡುತ್ತಿತ್ತು. ಅಕ್ಬರ್ ಇಲಾಹಾಬಾದಿ 'ಗೌಹರ್', 'ಶೌಹರ್' ಪದಗಳ ಪ್ರಾಸ ಹಿಡಿದು ಅವರ ಮೇಲೆ ಒಂದು ವಿನೋದದ ಶೇರ್ ಹೇಳಿದ್ದು ಪ್ರಸಿದ್ಧವಾಗಿದೆ. ಎಲ್ಲವೂ ಇದ್ದರೂ ಗಂಡನಿಲ್ಲ ಎಂಬುದೇ ಅದರ ಹಾಸ್ಯ. ಜನ ನಕ್ಕರು. ಇಂದಿಗೂ ಕಲಿತು ದುಡಿಯುವ ಹೆಣ್ಣುಮಗಳ ಎದುರು ನಾವು ಕೇಳುವ ಮೊದಲ ಪ್ರಶ್ನೆ ಇದೇ ಅಲ್ಲವೇ? ಈ ಸಭೆಯಲ್ಲಿರುವ ತಾಯಂದಿರು ಉತ್ತರ ಹೇಳಬೇಕು.

ಗಳಿಸಿದ್ದು ಹೋದ ಬಗೆ

1906ರಲ್ಲಿ ತಾಯಿ ಮಲ್ಕಾ ಜಾನ್ ತೀರಿಕೊಂಡರು. ಮನೆಯ ಕೆಲಸದಾಕೆಯ ಮಗನಾಗಿ ಅದೇ ಮನೆಯಲ್ಲಿ ಬೆಳೆದಿದ್ದ ಭಗ್ಲು ಎಂಬಾತ, ತಾನೇ ಮಲ್ಕಾ ಜಾನರ ಮಗ, ಆಸ್ತಿಗೆ ಹಕ್ಕುದಾರ ಎಂದು ಕೋರ್ಟಿಗೆ ಹೋದ. ನೂರಾರು ಪ್ಲೇಟುಗಳಲ್ಲಿ ತನ್ನ ಹೆಸರು ಹೇಳಿದ ಹೆಣ್ಣುಮಗಳು, ತಾನು ಯಾರ ಮಗಳು ಎಂದು ನ್ಯಾಯಾಲಯದಲ್ಲಿ ಸಾಬೀತು ಮಾಡಬೇಕಾಯಿತು. ಎಷ್ಟೋ ವರ್ಷಗಳ ಹಿಂದೆ ಬಿಟ್ಟು ಹೋದ ತಂದೆಯನ್ನು ಹುಡುಕಿ, ಅವರಿಂದ ಸಾಕ್ಷಿ ಹೇಳಿಸಬೇಕಾಯಿತು. ಕೊನೆಗೆ ಗೆದ್ದರು. ಆದರೆ ಹಣ, ಸಮಯ, ನೆಮ್ಮದಿ ಎಷ್ಟು ಹೋಯಿತೋ!

ನಂತರ ತಮ್ಮ ಕಾರ್ಯದರ್ಶಿಯಾಗಿದ್ದ ಅಬ್ಬಾಸ್ ಎಂಬವರನ್ನು ನಂಬಿ ಬಾಳಸಂಗಾತಿಯಾಗಿ ಸ್ವೀಕರಿಸಿದರು. ಆ ಸಂಬಂಧವೂ ಆಸ್ತಿಯ ವ್ಯಾಜ್ಯದಲ್ಲಿ ಕೊನೆಯಾಯಿತು. ಮತ್ತೆ ವಕೀಲರು, ಮತ್ತೆ ಕೋರ್ಟು. ಕಲ್ಕತ್ತೆಯ ಚಿತ್ಪುರ ರಸ್ತೆಯಲ್ಲಿ ತಾಯಿ ಕೊಂಡಿದ್ದ ಮನೆಯಲ್ಲಿ ಬೆಳೆದವರು, ದೇಶದಲ್ಲೇ ಹೆಚ್ಚು ಸಂಭಾವನೆ ಪಡೆಯುತ್ತಿದ್ದವರು, ಇಳಿವಯಸ್ಸಿನಲ್ಲಿ ಆಶ್ರಯ ಹುಡುಕಿಕೊಂಡು ಊರೂರು ಅಲೆಯುವಂತಾಯಿತು.

ಮೈಸೂರಿನ ಹದಿನೇಳು ತಿಂಗಳು

ಅವರನ್ನು ಕರೆದು ನೆಲೆ ಕೊಟ್ಟವರು ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು. 1928ರ ಆಗಸ್ಟ್ 1ರಂದು ಗೌಹರ್ ಜಾನ್ ಮೈಸೂರು ಅರಮನೆಯ ವಿದುಷಿಯಾಗಿ ನೇಮಕಗೊಂಡರು. ಆಗ ಅವರಿಗೆ 55 ವರ್ಷ. ತಿಂಗಳಿಗೆ 500 ರೂಪಾಯಿ ಸಂಬಳ, ವಾಸಕ್ಕೆ 'ದಿಲ್‌ಖುಷ್ ಕಾಟೇಜ್' ಎಂಬ ಮನೆ ಸಿಕ್ಕಿತು. ಆದರೆ ದೇಹ, ಮನಸ್ಸು ಎರಡೂ ದಣಿದಿದ್ದವು. 1930ರ ಜನವರಿ 17ರಂದು ಮೈಸೂರಿನಲ್ಲೇ ನಿಧನರಾದರು.

ನಮ್ಮ ಹಾಸನ ಜಿಲ್ಲೆಯೂ ಆ ಮೈಸೂರು ಸಂಸ್ಥಾನದ ಭಾಗವೇ. ಹಾಗಾಗಿ ಗೌಹರ್ ಅವರಿಗೆ ಕೊನೆಯ ನೆರಳು ಕೊಟ್ಟ ನಾಡು ನಮ್ಮದು ಎಂದು ಹೇಳಿಕೊಳ್ಳುವ ಹಕ್ಕು ನಮಗೂ ಇದೆ. ಆ ಕಾಲದ ಮೈಸೂರು ಹೊರಗಿನಿಂದ ಬಂದ ವಿದ್ಯಾವಂತರನ್ನು ಹೇಗೆ ಬರಮಾಡಿಕೊಳ್ಳುತ್ತಿತ್ತು ಎಂಬುದಕ್ಕೆ ಇನ್ನೂ ಉದಾಹರಣೆಗಳಿವೆ. ಆಗ್ರಾ ಘರಾಣೆಯ ನತ್ಥನ್ ಖಾನ್ ಮೈಸೂರಿನ ಆಸ್ಥಾನದಲ್ಲಿದ್ದು 1901ರಲ್ಲಿ ಇಲ್ಲಿಯೇ ತೀರಿಕೊಂಡರು. ಅದೇ ಘರಾಣೆಯ ಫಯ್ಯಾಜ್ ಖಾನ್ ಅವರಿಗೆ 'ಆಫ್ತಾಬ್-ಎ-ಮೌಸಿಕಿ' ಎಂಬ ಬಿರುದು ಕೊಟ್ಟದ್ದು ಮೈಸೂರು. ತಮಿಳುನಾಡಿನಿಂದ ಬಂದ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು ಚಾಮುಂಡೇಶ್ವರಿಯ ಮೇಲೆ 108 ಕೃತಿಗಳನ್ನು ರಚಿಸಿದರು. ಗೌಹರ್ ಬಂದಾಗ ಮೈಸೂರಿನ ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. ಅವರ ತಾತ ಆಗಾ ಅಲಿ ಅಸ್ಕರ್ ಇರಾನಿನ ಶಿರಾಜ್‌ನಿಂದ ಬಂದು, ಕುದುರೆ ವ್ಯಾಪಾರ ಮಾಡಿ ಬೆಂಗಳೂರಿನಲ್ಲಿ ನೆಲೆಸಿದವರು.

ಉತ್ತರ ಕರ್ನಾಟಕದ ಕಡೆ ನೋಡಿದರೂ ಅಷ್ಟೇ. ಕೈರಾನಾದಲ್ಲಿ ಹುಟ್ಟಿದ ಉಸ್ತಾದ್ ಅಬ್ದುಲ್ ಕರೀಂ ಖಾನ್ ದಕ್ಷಿಣಕ್ಕೆ ಬಂದು ಮಿರಜಿನಲ್ಲಿ ನೆಲೆಸಿದರು. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ಹೊರಗಿನಿಂದ ಬಂದ ಒಬ್ಬ ಉಸ್ತಾದ್ ನಮ್ಮ ನಾಡಿಗೆ ಕೊಟ್ಟ ಸಂಪತ್ತು ಎಷ್ಟು ದೊಡ್ಡದು ಎಂದು ಇದರಿಂದ ತಿಳಿಯುತ್ತದೆ. ಬಂದವರನ್ನು ಪರಕೀಯರೆಂದು ದೂರ ಇಟ್ಟಿದ್ದರೆ ನಷ್ಟ ಯಾರಿಗೆ ಆಗುತ್ತಿತ್ತು?

ಇನ್ನೊಬ್ಬ ಹೆಣ್ಣುಮಗಳು

ಇಲ್ಲಿ ಇನ್ನೊಬ್ಬರ ಹೆಸರು ಹೇಳಲೇಬೇಕು. ಅವರು ಬೆಂಗಳೂರು ನಾಗರತ್ನಮ್ಮ. 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ಇವರು ದೇವದಾಸಿ ಮನೆತನದವರು. ಗೌಹರ್ ಉತ್ತರದಿಂದ ಮೈಸೂರಿಗೆ ಬಂದರೆ, ನಾಗರತ್ನಮ್ಮ ಮೈಸೂರು ನಾಡಿನಿಂದ ಮದರಾಸಿಗೆ ಹೋದರು. ಇವರೂ ಪ್ಲೇಟುಗಳಿಗೆ ಹಾಡಿದರು, ಇವರನ್ನೂ ಸಮಾಜ ಕೀಳಾಗಿ ನೋಡಿತು. ಗಳಿಸಿದ ಹಣದಿಂದ ಅವರು ತಿರುವಯ್ಯಾರಿನಲ್ಲಿ ಸಂತ ತ್ಯಾಗರಾಜರ ಸಮಾಧಿ ಮಂದಿರ ಕಟ್ಟಿಸಿದರು. ಹೆಂಗಸರು ಅಲ್ಲಿ ಹಾಡುವಂತಿಲ್ಲ ಎಂದಿದ್ದ ಕಾಲದಲ್ಲಿ ಹೋರಾಡಿ ಹಾಡಿದರು. ಎಲ್ಲಕ್ಕಿಂತ ಮುಖ್ಯವಾಗಿ, ತಮ್ಮ ಆಸ್ತಿ ತಮ್ಮ ನಂತರ ಯಾವ ಕೆಲಸಕ್ಕೆ ಸಲ್ಲಬೇಕು ಎಂದು ಕ್ರಮವಾಗಿ ಉಯಿಲು ಬರೆದಿಟ್ಟರು. ಅವರು ತೀರಿಕೊಂಡದ್ದು 1952ರಲ್ಲಿ. ಅವರು ಕಟ್ಟಿಸಿದ ಜಾಗದಲ್ಲಿ ಇಂದಿಗೂ ಪ್ರತಿ ವರ್ಷ ಆರಾಧನೆ ನಡೆಯುತ್ತದೆ.

ಇಬ್ಬರಲ್ಲೂ ಪ್ರತಿಭೆ ಇತ್ತು, ಗಳಿಕೆ ಇತ್ತು, ಧೈರ್ಯ ಇತ್ತು. ಒಬ್ಬರ ಗಳಿಕೆ ವಕೀಲರ ಪಾಲಾಯಿತು, ಇನ್ನೊಬ್ಬರ ಗಳಿಕೆ ಒಂದು ಸಂಸ್ಥೆಯಾಗಿ ನಿಂತಿತು. ಗೌಹರ್ ಅವರನ್ನು ಚಿಕ್ಕವರು ಮಾಡಲು ನಾನಿದನ್ನು ಹೇಳುತ್ತಿಲ್ಲ. ತಂದೆಯ ಆಸರೆ ತಪ್ಪಿ, ಹತ್ತಿರದವರೇ ಕೈಕೊಟ್ಟ ಹೆಣ್ಣುಮಗಳ ಕಷ್ಟ ನಮಗೆ ಅರ್ಥವಾಗಬೇಕು. ಆದರೆ ಕಲಿಯುವುದು, ಗಳಿಸುವುದು ಎಷ್ಟು ಮುಖ್ಯವೋ ಕಾಗದ ಪತ್ರ ಸರಿಯಾಗಿ ಇಟ್ಟುಕೊಳ್ಳುವುದೂ ಅಷ್ಟೇ ಮುಖ್ಯ ಎಂಬ ಪಾಠ ಇಲ್ಲಿದೆ. ಜನನ ಪ್ರಮಾಣ ಪತ್ರ, ವರ್ಗಾವಣೆ ಪತ್ರ, ಅಂಕಪಟ್ಟಿ ಇವುಗಳಲ್ಲಿ ಮಗುವಿನ ಹೆಸರು ಮೂರು ಕಡೆ ಮೂರು ರೀತಿ ಇರುವುದನ್ನು ಶಾಲೆಯಲ್ಲಿ ಪ್ರತಿ ವರ್ಷ ನೋಡುತ್ತೇನೆ. ವಿದ್ಯಾರ್ಥಿವೇತನದ ಅರ್ಜಿ ತುಂಬುವ ದಿನ ತಾಯಂದಿರು ಕಣ್ಣೀರು ಹಾಕುತ್ತಾರೆ. ದಯವಿಟ್ಟು ಇದನ್ನು ಮೊದಲೇ ಸರಿಪಡಿಸಿಕೊಳ್ಳಿ. ಹೆಣ್ಣುಮಗಳು ದುಡಿದ ಹಣ ಅವಳ ಹೆಸರಿನ ಖಾತೆಯಲ್ಲೇ ಇರಲಿ. ಸಹಿ ಹಾಕುವ ಮೊದಲು ಓದುವುದನ್ನು ಕಲಿಸಿ.

ನಮ್ಮ ಜಿಲ್ಲೆಯಲ್ಲಿ

ದೂರದವರ ಮಾತಾಯಿತು, ಈಗ ನಮ್ಮ ಸುತ್ತಮುತ್ತ ನೋಡೋಣ. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿ ದಂಡೆಯ ಮೇಲೆ ರುದ್ರಪಟ್ಟಣ ಎಂಬ ಊರಿದೆ. ಸಂಗೀತ ವಿದ್ವಾಂಸರ ಊರೆಂದು ಅದಕ್ಕೆ ಹೆಸರು. ಪದ್ಮಭೂಷಣ ಆರ್.ಕೆ. ಶ್ರೀಕಂಠನ್ 1920ರಲ್ಲಿ ಹುಟ್ಟಿದ್ದು ಅಲ್ಲೇ. ರುದ್ರಪಟ್ಟಣ ಸಹೋದರರು, ಆರ್.ಕೆ. ಪದ್ಮನಾಭ ಅವರೂ ಅದೇ ಊರಿನವರು. ಅಲ್ಲಿ ತಂಬೂರಿಯ ಆಕಾರದಲ್ಲೇ ಕಟ್ಟಿದ ಮಂದಿರವಿದೆ. ಈ ವಿದ್ವಾಂಸರ ಸಂಕೇತಿ ಮನೆತನಗಳೂ ಶತಮಾನಗಳ ಹಿಂದೆ ತಮಿಳು ಸೀಮೆಯ ಕಡೆಯಿಂದ ಬಂದು ಇಲ್ಲಿ ನೆಲೆಸಿದವು. ಬಂದು ನೆಲೆಸಿದವರೇ ಇಂದು ಕನ್ನಡ ನಾಡಿನ ಹೆಮ್ಮೆಯಾಗಿದ್ದಾರೆ.

ನಮ್ಮ ಹಾಸನದ ಬಾನು ಮುಷ್ತಾಕ್ ಅವರ ಹೆಸರು ಈಗ ಮಕ್ಕಳಿಗೂ ಗೊತ್ತು. ಮನೆಯಲ್ಲಿ ದಖ್ಖನಿ ಉರ್ದು ಮಾತಾಡುವ ಕುಟುಂಬದಲ್ಲಿ ಹುಟ್ಟಿ, ಶಿವಮೊಗ್ಗದಲ್ಲಿ ಕನ್ನಡ ಮಾಧ್ಯಮದ ಶಾಲೆಗೆ ಸೇರಿ, ಕನ್ನಡದಲ್ಲಿ ಕತೆ ಬರೆದರು. ದೀಪಾ ಭಾಸ್ತಿ ಅವರು ಇಂಗ್ಲಿಷಿಗೆ ಅನುವಾದಿಸಿದ 'ಹಾರ್ಟ್ ಲ್ಯಾಂಪ್' ಸಂಕಲನಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಅದೇ ವರ್ಷ ಮೈಸೂರು ದಸರಾವನ್ನು ಅವರು ಉದ್ಘಾಟಿಸಿದರು. ಗೌಹರ್ ಜಾನ್ ಹತ್ತು ಭಾಷೆಗಳಲ್ಲಿ ಹಾಡಿ ಲೋಕಕ್ಕೆ ತಲುಪಿದರು. ಬಾನು ಅವರು ಮನೆಯ ಭಾಷೆಯ ಬದುಕನ್ನು ನಾಡಿನ ಭಾಷೆಯಲ್ಲಿ ಬರೆದು ಲೋಕಕ್ಕೆ ತಲುಪಿದರು. ಇಬ್ಬರ ಕೈಯಲ್ಲಿದ್ದ ಕೀಲಿಕೈ ಒಂದೇ, ಅದು ಭಾಷೆ. "ನಮಗೆ ಕನ್ನಡ ಕಷ್ಟ" ಎನ್ನುವ ನಮ್ಮ ಮಕ್ಕಳೂ, "ಉರ್ದು ಕಲಿತು ಏನು ಪ್ರಯೋಜನ" ಎನ್ನುವ ಪೋಷಕರೂ ಇದನ್ನು ಯೋಚಿಸಬೇಕು.

ಒಂದು ಸಂಗತಿ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿನಿ ಪ್ರತಿಭಾ ಕಾರಂಜಿಯ ಗಜಲ್ ಸ್ಪರ್ಧೆಯಲ್ಲಿ ತಾಲ್ಲೂಕಿಗೆ ಮೊದಲ ಬಹುಮಾನ ಪಡೆದಳು. ಉಚ್ಚಾರ ಶುದ್ಧ, ಕಂಠ ಮಧುರ. ಜಿಲ್ಲಾ ಮಟ್ಟದ ಸ್ಪರ್ಧೆಗೆ ಮನೆಯವರು ಕಳುಹಿಸಲಿಲ್ಲ. "ಹುಡುಗಿ ವೇದಿಕೆಯಲ್ಲಿ ಹಾಡಿದರೆ ಜನ ಏನೆಂದುಕೊಳ್ಳುತ್ತಾರೆ ಟೀಚರ್" ಎಂದರು ಅವಳ ತಾಯಿ. ನಾನು ಅವರನ್ನು ದೂರುವುದಿಲ್ಲ. ಆ ತಾಯಿ ಹೆದರಿದ್ದು ನಮ್ಮ ಬಾಯಿಗಳಿಗೆ. ಮರುವರ್ಷ ಅದೇ ಹುಡುಗಿಯನ್ನು ಉರ್ದು ಭಾಷಣ ಸ್ಪರ್ಧೆಗೆ ಕೇಳಿದೆವು. ತಂದೆಯೇ ಜೊತೆಗೆ ಬಂದು ಕುಳಿತರು. ಮನೆಯವರನ್ನು ಎದುರು ಹಾಕಿಕೊಂಡಿದ್ದರೆ ಅವಳ ಓದೇ ನಿಲ್ಲುತ್ತಿತ್ತು. ಅವರಿಗೆ ಒಪ್ಪಿಗೆಯಾಗುವ ದಾರಿ ಹುಡುಕಿದ್ದರಿಂದ ಅವಳ ದನಿ ಉಳಿಯಿತು. ಯಾವ ದಾರಿ ಎಂಬುದನ್ನು ಪ್ರತಿಯೊಂದು ಮನೆಯೂ ತಾನೇ ತೀರ್ಮಾನಿಸಲಿ. ಆದರೆ ಮಗುವಿನಲ್ಲಿರುವ ಹುನರ್ ಯಾವುದೆಂದು ಗುರುತಿಸಿ, ಅದಕ್ಕೆ ಒಂದು ಬಾಗಿಲನ್ನಾದರೂ ತೆರೆದಿಡಿ.

ಕೊನೆಯ ಮಾತು

ಬಂಧುಗಳೇ, ಗೌಹರ್ ಜಾನ್ ಅವರನ್ನು ಜನ ಬಹಳ ಕಾಲ ಮರೆತಿದ್ದರು. ಮೈಸೂರು ಅರಮನೆಯ ಹಳೆಯ ಕಡತಗಳಲ್ಲಿ ಅವರ ಕಾಗದ ಪತ್ರಗಳನ್ನು ಕಂಡ ಬೆಂಗಳೂರಿನ ಲೇಖಕ ವಿಕ್ರಮ್ ಸಂಪತ್ 2010ರಲ್ಲಿ ಅವರ ಜೀವನಚರಿತ್ರೆ ಪ್ರಕಟಿಸಿದರು. 2018ರ ಜೂನ್ 26ರಂದು, ಅವರ ಜನ್ಮದಿನದ ನೆನಪಿಗೆ, ಗೂಗಲ್ ತನ್ನ ಪುಟದಲ್ಲಿ ಅವರ ಚಿತ್ರ ಹಾಕಿತು. ಹಣ ಹೋಯಿತು, ಮನೆ ಹೋಯಿತು, ಒಡವೆ ಹೋಯಿತು. ಉಳಿದದ್ದು ಕಲಿತ ವಿದ್ಯೆ, ಅದೂ ಹೊಸ ಯಂತ್ರಕ್ಕೆ ಹೆದರದೆ ಅದರಲ್ಲಿ ಇಟ್ಟು ಹೋದದ್ದರಿಂದ. ಇಂದು ಮೊಬೈಲಿನಲ್ಲಿ ಹುಡುಕಿದರೆ, ಕರಕರ ಸದ್ದಿನ ನಡುವೆ ನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಆ ದನಿ ಕೇಳಿಸುತ್ತದೆ.

ಬಹುಮಾನ ಪಡೆದ ಮಕ್ಕಳಿಗೆ ನಾನು ಹೇಳುವುದು ಇಷ್ಟು. ಮೊದಲನೆಯದು, ಒಬ್ಬ ಒಳ್ಳೆಯ ಉಸ್ತಾದರ ಬಳಿ ಒಂದು ವಿದ್ಯೆಯನ್ನು ಪೂರ್ತಿಯಾಗಿ ಕಲಿಯಿರಿ, ರಿಯಾಜ್ ಬಿಡಬೇಡಿ. ಎರಡನೆಯದು, ಹೋದ ಊರಿನ ಭಾಷೆಯನ್ನು ಪ್ರೀತಿಯಿಂದ ಕಲಿಯಿರಿ, ಹೊಸ ಯಂತ್ರ, ಹೊಸ ತಂತ್ರಜ್ಞಾನಕ್ಕೆ ಹೆದರಬೇಡಿ. ಮೂರನೆಯದು, ಗಳಿಸಿದ್ದನ್ನು, ಕಾಗದ ಪತ್ರಗಳನ್ನು ಜೋಪಾನ ಮಾಡಿ. ಇನ್ನು ಹಿರಿಯರಾದ ನಮ್ಮ ಹೊಣೆ ಏನೆಂದರೆ, ನಮ್ಮೂರಿಗೆ ಬಂದವರನ್ನು ಆದರದಿಂದ ಕಾಣುವುದು, ದುಡಿಯುವ ಹೆಣ್ಣುಮಗಳ ಬಗ್ಗೆ ಹಗುರವಾಗಿ ಮಾತಾಡದಿರುವುದು. ನಾವು ಇಷ್ಟು ಮಾಡಿದರೆ, ಮುಂದಿನ ವರ್ಷ ಈ ವೇದಿಕೆಗೆ ಇನ್ನೂ ಹೆಚ್ಚು ಹೆಣ್ಣುಮಕ್ಕಳು ಬಂದು ತಮ್ಮ ಹೆಸರನ್ನು ತಾವೇ ಗಟ್ಟಿಯಾಗಿ ಹೇಳುತ್ತಾರೆ.